ಹಾಕಿದ್ದು ಹತ್ತು, ಬಂದದ್ದು ಹನ್ನೆರಡು: ಆದರೂ ನಷ್ಟ

ಒಂದು ಯಂತ್ರಕ್ಕೆ ಇವತ್ತು 10 ಲಕ್ಷ ಹಾಕಬೇಕು. ಮುಂದಿನ 4 ವರ್ಷ, ಪ್ರತಿ ವರ್ಷದ ಕೊನೆಗೆ ಖರ್ಚು, ತೆರಿಗೆ ಎಲ್ಲ ಕಳೆದು 3 ಲಕ್ಷ ಕೈಗೆ ಬರುತ್ತದೆ. ಒಟ್ಟು 12 ಲಕ್ಷ ಬಂತು, 2 ಲಕ್ಷ ಉಳಿಯಿತು ಎಂದು ಕೂಡಿಸಿಬಿಡುವುದು ಸುಲಭ. ಆದರೆ ಇಷ್ಟೇ ಅಪಾಯದ ಬೇರೊಂದು ಕಡೆ ಹೂಡಿದ್ದರೆ ಅದೇ ಹಣಕ್ಕೆ ವರ್ಷಕ್ಕೆ ಶೇ. 12 ಸಿಗುತ್ತಿತ್ತು ಎನ್ನಿ. ಆಗ ಆ 12 ಲಕ್ಷದ ಇವತ್ತಿನ ಬೆಲೆ ಎಷ್ಟು ಎಂಬುದೇ ನಿಜವಾದ ಪ್ರಶ್ನೆ.

ಹಣ ಎಷ್ಟು ವರ್ಷ ಕಳೆದು ಬರುತ್ತದೋ ಅಷ್ಟು ಸಲ 1.12ರಿಂದ ಭಾಗಿಸಬೇಕು. ಮೊದಲ ವರ್ಷದ 3 ಲಕ್ಷ 2,67,857 ಆಗುತ್ತದೆ. ನಾಲ್ಕನೆಯದು 1,90,655ಕ್ಕೆ ಇಳಿಯುತ್ತದೆ. ನಾಲ್ಕನ್ನೂ ಕೂಡಿದರೆ ಸುಮಾರು 9.11 ಲಕ್ಷ. ಹಾಕಿದ 10 ಲಕ್ಷ ಕಳೆದರೆ ನಿವ್ವಳ ಪ್ರಸ್ತುತ ಮೌಲ್ಯ, ಅಂದರೆ ಎನ್‌ಪಿವಿ, ಮೈನಸ್ 88,800ರ ಹತ್ತಿರ. ಯೋಜನೆ ಕೈಬಿಡಬೇಕು.

ಭಾಗಾಕಾರ ಕಷ್ಟವಲ್ಲ. ಪಟ್ಟಿಯಲ್ಲಿ ಏನು ಸೇರಿಸುತ್ತೀರಿ, ಏನು ಬಿಡುತ್ತೀರಿ ಎಂಬಲ್ಲೇ ತೀರ್ಮಾನ ತಲೆಕೆಳಗಾಗುತ್ತದೆ. ನಾಲ್ಕು ವರ್ಷದ ನಂತರ ಯಂತ್ರವನ್ನು ಗುಜರಿಗೆ ಹಾಕಿದರೆ 1.5 ಲಕ್ಷ ಬರುತ್ತದೆ ಎಂದುಕೊಳ್ಳೋಣ. ಅದರ ಇಂದಿನ ಬೆಲೆ 95,300. ಎನ್‌ಪಿವಿ ಈಗ ಪ್ಲಸ್ 6,500. ಬೇಡವೆಂದಿದ್ದ ಯೋಜನೆ ಬೇಕಾಯಿತು! ಆದರೆ ಯಂತ್ರ ಓಡಬೇಕಾದರೆ ಕಚ್ಚಾ ಮಾಲಿನ ದಾಸ್ತಾನಿಗೆ ಮೊದಲ ದಿನವೇ 1 ಲಕ್ಷ ಬೇಕು. ಕೊನೆಗೆ ದಾಸ್ತಾನು ಕರಗಿಸಿದಾಗ ಪೂರ್ತಿ ವಾಪಸ್ ಬರುವ ಹಣ ಇದು, ಹಾಗಾಗಿ ಲೆಕ್ಕಕ್ಕೆ ಬೇಡ ಎಂದು ಬಿಡುವವರಿದ್ದಾರೆ. ಅದು ತಪ್ಪು. ನಾಲ್ಕು ವರ್ಷ ಸಿಕ್ಕಿಕೊಂಡ ಆ ಲಕ್ಷ ವಾಪಸ್ ಬರುವಾಗ ಇಂದಿನ ಲೆಕ್ಕದಲ್ಲಿ 63,550 ಮಾತ್ರ. ಎನ್‌ಪಿವಿ ಮತ್ತೆ ಮೈನಸ್ 29,900.

ಸೇರಿಸಬಾರದ್ದೂ ಇದೆ. ಈಗಾಗಲೇ ಮಾಡಿ ಮುಗಿಸಿದ ಸಮೀಕ್ಷೆಯ ಖರ್ಚು ಬೇಡ. ಯೋಜನೆ ಬಿಟ್ಟರೂ ಅದು ಮರಳುವುದಿಲ್ಲ. ಸವಕಳಿ, ಅಂದರೆ ಯಂತ್ರ ಹಳೆಯದಾದಂತೆ ಲೆಕ್ಕಪುಸ್ತಕದಲ್ಲಿ ಖರ್ಚೆಂದು ಬರೆಯುವ ಮೊತ್ತ, ನಗದಲ್ಲ; ಅದರಿಂದ ಉಳಿಯುವ ತೆರಿಗೆ ಮಾತ್ರ ನಗದು. ಸಾಲದ ಬಡ್ಡಿಯನ್ನೂ ಕಳೆಯಬೇಡಿ. ಬಂಡವಾಳದ ವೆಚ್ಚ, ಅಂದರೆ ಹಣ ಒದಗಿಸಿದವರಿಗೆ ಸಲ್ಲಬೇಕಾದ ಪ್ರತಿಫಲ, ಆ ಶೇ. 12ರೊಳಗೇ ಕೂತಿದೆ, ಮತ್ತೆ ಕಳೆದರೆ ಎರಡು ಸಲ ಎಣಿಸಿದಂತೆ.

ಹಣದುಬ್ಬರದಲ್ಲಂತೂ ಅನುಭವಸ್ಥರೂ ಎಡವುತ್ತಾರೆ. ಮುಂದಿನ ಆದಾಯವನ್ನು ಇವತ್ತಿನ ದರದಲ್ಲೇ ಬರೆದು, ಹಣದುಬ್ಬರ ಸೇರಿದ ಶೇ. 12ರಿಂದ ಇಳಿಸಿದರೆ ಒಳ್ಳೆಯ ಯೋಜನೆಯೂ ಕೆಟ್ಟದಾಗಿ ಕಾಣುತ್ತದೆ. ಹಣದುಬ್ಬರ ಶೇ. 5 ಇದ್ದರೆ ಆಗ 1.12 ÷ 1.05 = 1.0667, ಅಂದರೆ ಬಳಸಬೇಕಾದ ದರ ಶೇ. 6.67.

ಎಕ್ಸೆಲ್‌ನಲ್ಲಿ ಇನ್ನೊಂದು ತೊಡಕು. ಅದರ ಎನ್‌ಪಿವಿ ಫಂಕ್ಷನ್ ಮೊದಲ ಅಂಕಿಯನ್ನೇ ಒಂದು ವರ್ಷದ ನಂತರದ್ದು ಎಂದು ಹಿಡಿಯುತ್ತದೆ. ಆದ್ದರಿಂದ ಇವತ್ತು ಹಾಕುವ ಹಣವನ್ನು ಫಂಕ್ಷನ್ನಿನ ಒಳಗೆ ಕೊಡದೆ, ಹೊರಗೆ ಕಳೆಯಬೇಕು.

ಇಷ್ಟಾದ ಮೇಲೂ ಒಂದೇ ಉತ್ತರಕ್ಕೆ ಅಂಟಿಕೊಳ್ಳುವುದು ನನಗೆ ಸರಿಕಾಣದು. ಗುಜರಿ, ದಾಸ್ತಾನು ಎರಡೂ ಸೇರಿದ ಮೇಲಿನ ಲೆಕ್ಕದಲ್ಲಿ ದರವನ್ನು ಶೇ. 10ಕ್ಕೆ ಇಳಿಸಿ ನೋಡಿ, ಎನ್‌ಪಿವಿ ಪ್ಲಸ್ 21,700 ಆಗುತ್ತದೆ. ಶೇ. 12ರಲ್ಲೇ ಇಟ್ಟರೂ ವರ್ಷದ ಆದಾಯ 3 ಲಕ್ಷದಿಂದ 3,09,850ಕ್ಕೆ ಏರಿದರೆ ಸೊನ್ನೆಗೆ ಬಂದು ನಿಲ್ಲುತ್ತದೆ. ಆ ಹೆಚ್ಚುವರಿ 9,850 ವರ್ಷವರ್ಷವೂ ಬಂದೀತೇ ಎಂದು ಮಾರಾಟ ವಿಭಾಗದವರನ್ನೇ ಕೇಳಬೇಕು.