ಹಿಮನದಿಯ ಹೆಸರಿಗೆ ಈ ‘ಬ್ರೇಯೆನ್’ ಬಾಲ ಯಾಕೆ?

ಪ್ರಶ್ನೆ: ಆರ್ಕ್ಟಿಕ್‌ನ ನಮ್ಮ ಹಿಮಾದ್ರಿ ಸಂಶೋಧನಾ ಕೇಂದ್ರದ ಸುತ್ತಲಿನ ನಕ್ಷೆ ನೋಡಿದರೆ ಹೆಚ್ಚಿನ ಹಿಮನದಿಗಳ ಹೆಸರು ‘ಬ್ರೀನ್’ ಎಂದು ಮುಗಿಯುತ್ತದೆ. ಯಾಕೆ?

ಮೊದಲಿಗೆ ಉಚ್ಚಾರ: ಅದು ಬ್ರೀನ್ ಅಲ್ಲ, ಬ್ರೇಯೆನ್. ನಾರ್ವೇಜಿಯನ್‌ನಲ್ಲಿ ‘ಬ್ರೇ’ ಅಂದರೆ ಹಿಮನದಿ. ಕೊನೆಯ ‘ಎನ್’ ಇಂಗ್ಲಿಷಿನ ‘ದ’ ಮಾಡುವ ಕೆಲಸವನ್ನೇ ಮಾಡುತ್ತದೆ, ಆದರೆ ನಮ್ಮ ಪ್ರತ್ಯಯದ ಹಾಗೆ ಪದದ ಹಿಂದೆ ಅಂಟಿಕೊಳ್ಳುತ್ತದೆ. ಹಾಗಾಗಿ ‘ಕ್ರೂನೆಬ್ರೇಯೆನ್ ಹಿಮನದಿ’ ಅನ್ನುವುದು ‘ಕೆಂಪುಹೊಳೆ ನದಿ’ ಅಂದಂತೆ. ಪರವಾಗಿಲ್ಲ, ಹೊಳೆ ಎರಡು ಸಲ ಹರಿಯುತ್ತದೆ ಅಷ್ಟೆ.

ಹಿಮಾದ್ರಿ 2008ರಿಂದ ಇರುವುದು ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಸಮೂಹದ ನೀ-ಓಲೆಸುಂಡ್‌ನಲ್ಲಿ, ಹೆಚ್ಚುಕಡಿಮೆ 79 ಡಿಗ್ರಿ ಉತ್ತರಕ್ಕೆ. ಎದುರಿಗೆ ಕೊಂಗ್ಸ್‌ಫ್ಯೋರ್ಡೆನ್, ಅಂದರೆ ರಾಜನ ಫ್ಯೋರ್ಡ್. ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರ. ಅದರ ಒಳತುದಿಯಲ್ಲಿ ಕ್ರೂನೆಬ್ರೇಯೆನ್ ನೇರ ನೀರಿಗಿಳಿಯುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ಒಂದು ಮೀಟರಿಗೂ ಹೆಚ್ಚು ಸರಿಯುವ ಹಿಮನದಿ ಇದು. ‘ಕ್ರೂನೆ’ ಅಂದರೆ ಕಿರೀಟ. ಹತ್ತಿರದಲ್ಲೇ ಹಿಮದಿಂದ ತಲೆ ಎತ್ತಿದ ಮೂರು ಶಿಖರಗಳಿಗೂ ‘ಮೂರು ಕಿರೀಟ’ ಎಂದೇ ಹೆಸರು: ಸ್ವೇಯಾ, ನೂರಾ, ಡಾನಾ. ಸ್ವೀಡನ್, ನಾರ್ವೆ, ಡೆನ್ಮಾರ್ಕ್‌ಗೆ ಒಂದೊಂದು.

ಎಡವುವ ಜಾಗ ಬಾಲವಲ್ಲ, ತಲೆ. ಬ್ರೊಗ್ಗರ್‌ಬ್ರೇಯೆನ್ ಎರಡಿವೆ: ‘ವೆಸ್ತ್ರೆ’ ಪಡುವಣದ್ದು, ‘ಔಸ್ತ್ರೆ’ ಮೂಡಣದ್ದು. ಮೇಲಿನಕೇರಿ, ಕೆಳಗಿನಕೇರಿ ಇದ್ದ ಹಾಗೆ. ಈ ಮೊದಲ ಪದ ಬಿಟ್ಟರೆ ಒಂದರ ಅಳತೆ ಇನ್ನೊಂದರ ಲೆಕ್ಕಕ್ಕೆ ಹೋಗುತ್ತದೆ. ಇನ್ನು ಕ್ರೂನೆಬ್ರೇಯೆನ್‌ಗೆ ಒತ್ತಿಕೊಂಡೇ ಬರುವ ಕೊಂಗ್ಸ್‌ವೇಗೆನ್ ಹೆಸರಿನಲ್ಲಿ ‘ಬ್ರೇ’ ಇಲ್ಲವೇ ಇಲ್ಲ. ಅರ್ಥ ‘ರಾಜನ ರಸ್ತೆ’, ಆದರೂ ಅದು ಹಿಮನದಿಯೇ. ಕೊಂಗ್ಸ್‌ಬ್ರೇಯೆನ್ ಅನ್ನುವುದು ಬೇರೆ, ಅದರ ಉತ್ತರಕ್ಕಿದೆ. ‘ಫೊನ್ನಾ’ ಎಂದು ಮುಗಿದರೆ ಮೇಲಿನ ವಿಶಾಲ ಹಿಮಹಾಸು. ಕ್ರೂನೆಬ್ರೇಯೆನ್‌ಗೆ ಹಿಮ ಒದಗುವುದು ಹೋಲ್ಟೆಡಾಲ್‌ಫೊನ್ನಾದಿಂದ.

ಹುಡುಕುವಾಗ ನಾರ್ವೆಯ ಧ್ರುವ ಸಂಸ್ಥೆಯ ನಕ್ಷೆಯನ್ನೇ ತೆಗೆಯಿರಿ, ಸ್ವಾಲ್‌ಬಾರ್ಡ್‌ನ ಹೆಸರುಗಳನ್ನು ಅಧಿಕೃತಗೊಳಿಸುವುದು ಅವರೇ. ಹೆಸರಿನ ಮುಂದೆ ‘ಗ್ಲೇಸಿಯರ್’ ಸೇರಿಸಬೇಡಿ. ಮುದ್ರಿತ ಸೂಚಿಯಾದರೆ, ಅಡ್ಡಗೀಟಿನ ‘ಓ’, ತಲೆಮೇಲೆ ಸೊನ್ನೆಯಿರುವ ‘ಎ’ ಅಕ್ಷರಗಳು ಜಡ್ ಆದಮೇಲೆ ಬರುತ್ತವೆ.

ಅರ್ಥ ತಿಳಿದರೂ ಹೆಸರನ್ನು ಪೂರ್ತಿ ನಂಬುವ ಹಾಗಿಲ್ಲ. ಇದೇ ಫ್ಯೋರ್ಡಿನಲ್ಲಿ ಬ್ಲೊಮ್‌ಸ್ಟ್ರಾಂಡ್‌ಹಾಲ್ವೊಯಾ ಇದೆ. ‘ಹಾಲ್ವೊಯಾ’ ಅಂದರೆ ಅಕ್ಷರಶಃ ಅರ್ಧ ದ್ವೀಪ, ಪರ್ಯಾಯದ್ವೀಪ. ಅದನ್ನು ನೆಲಕ್ಕೆ ಜೋಡಿಸಿದ್ದದ್ದು ಬ್ಲೊಮ್‌ಸ್ಟ್ರಾಂಡ್‌ಬ್ರೇಯೆನ್‌ನ ಹಿಮ. 1990ರ ದಶಕದಲ್ಲಿ ಅದು ಹಿಂದೆ ಸರಿದಾಗ ನಡುವೆ ಸಮುದ್ರ ಕಾಣಿಸಿಕೊಂಡಿತು. ಈಗ ದೋಣಿಯಲ್ಲಿ ಪೂರ್ತಿ ಸುತ್ತು ಹಾಕಬಹುದು; ನಕ್ಷೆಯಲ್ಲಿ ಮಾತ್ರ ಇನ್ನೂ ಅರ್ಧ ದ್ವೀಪ.