ಗುಂಡಿ ಮೇಲೆದ್ದರೆ ಕಟ್ಟಿ ಹಾಕಬೇಡಿ

ರಿಪೇರಿಗೆ ರೈಸ್ ಕುಕ್ಕರ್ ಬಂದರೆ ನಾನು ಮೊದಲು ನೋಡುವುದು ಗುಂಡಿಯನ್ನು. ಅದು ಮೇಲೇಳದಂತೆ ಮಡಚಿದ ರಟ್ಟೋ ರಬ್ಬರ್ ಬ್ಯಾಂಡೋ ಹಾಕಿದ್ದರೆ ನಿಜವಾಗಿ ಸಿಟ್ಟು ಬರುತ್ತದೆ. "ಬೇಗ ಆಫ್ ಆಗುತ್ತೆ ಸರ್, ಅದಕ್ಕೇ ಕಟ್ಟಿದ್ದೀವಿ" ಅನ್ನುತ್ತಾರೆ.

ದಯವಿಟ್ಟು ಹಾಗೆ ಮಾಡಬೇಡಿ. ಒಂದೇ ಗುಂಡಿಯ ಸಾದಾ ಕುಕ್ಕರಿನಲ್ಲಿ ಗಡಿಯಾರ ಇಲ್ಲ. ಎಷ್ಟು ನಿಮಿಷ ಆಯಿತು, ಅನ್ನ ಬೆಂತಾ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ತಳದ ಬಿಸಿ ಒಂದೇ ಗೊತ್ತು. ಪಾತ್ರೆಯಲ್ಲಿ ನೀರು ಇರುವ ತನಕ ಬಿಸಿ 100 ಡಿಗ್ರಿ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಕ್ಕಿ ನೀರನ್ನೆಲ್ಲ ಕುಡಿದ ಮೇಲೆ ಏರತೊಡಗುತ್ತದೆ. ಪಾತ್ರೆಯ ಕೆಳಗೆ ಕಾಯುವ ಪ್ಲೇಟಿನ ನಡುವೆ ಸ್ಪ್ರಿಂಗ್ ಮೇಲೆ ಒಂದು ಬಿಲ್ಲೆ ಇದೆಯಲ್ಲ, ಅದರೊಳಗಿನ ಮ್ಯಾಗ್ನೆಟ್ ಆಗ ಹಿಡಿತ ಬಿಡುತ್ತದೆ. ಗುಂಡಿ ಟಕ್ಕಂತ ಏಳುತ್ತದೆ. 1955ರಲ್ಲಿ ಜಪಾನಿನ ತೋಷಿಬಾ ಮಾರಿದ ಕುಕ್ಕರಿನಲ್ಲೂ ಲೆಕ್ಕ ಹೀಗೇ ಇತ್ತು. ಹೊರಗಿನ ಪಾತ್ರೆಗೆ ಒಂದು ಲೋಟ ನೀರು ಹಾಕಬೇಕಿತ್ತು. ಅದು ಆರಿ ಬಿಸಿ ಏರಿದಾಗ ಕರೆಂಟ್ ಕಟ್ ಆಗುತ್ತಿತ್ತು.

ಈಗ ಪ್ಲೇಟಿಗೂ ಪಾತ್ರೆಗೂ ನಡುವೆ ಒಂದೇ ಒಂದು ಒಣಗಿದ ಅಗುಳು ಸಿಕ್ಕಿಕೊಂಡಿದೆ ಅನ್ನಿ. ಪಾತ್ರೆ ಸ್ವಲ್ಪ ವಾರೆಯಾಗುತ್ತದೆ. ಪ್ಲೇಟಿನ ಬಿಸಿ ನೀರಿಗೆ ಹೋಗದೆ ಅಲ್ಲೇ ಉಳಿಯುತ್ತದೆ. ಬಿಲ್ಲೆ ಬೇಗ ಕಾಯುತ್ತದೆ, ಗುಂಡಿ ಏಳುತ್ತದೆ. ಮೇಲೆ ಅಕ್ಕಿ ಇನ್ನೂ ನೀರಲ್ಲೇ ಇರುತ್ತದೆ. ತಳ ನೆಗ್ಗಿದ್ದರೂ ಹೀಗೇ ಆಗುವುದು ಜಾಸ್ತಿ. ಆಗ ಗುಂಡಿ ಕಟ್ಟಿದರೆ ಪ್ಲೇಟು ಕಾಯುತ್ತಲೇ ಹೋಗಿ, ಬಿಸಿ ಮಿತಿ ಮೀರಿದರೆ ಕರೆಂಟ್ ಕಡಿಯುವ ಥರ್ಮಲ್ ಫ್ಯೂಸ್ ಸುಡುತ್ತದೆ. ಅದೇ ಕೊನೆಯ ಕಾವಲು. ಅದರ ಜಾಗಕ್ಕೆ ಬರೀ ತಂತಿ ಸೇರಿಸಿಕೊಡುವವರು ಇದ್ದಾರೆ. ಒಪ್ಪಬೇಡಿ, ಮನೆಗೆ ಬೆಂಕಿ ಬೀಳಬಹುದು.

ಹೋದ ಮಳೆಗಾಲದಲ್ಲಿ ಒಬ್ಬ ಅಜ್ಜಿ ಹದಿನಾಲ್ಕು ವರ್ಷದ ಕುಕ್ಕರನ್ನು ಬಟ್ಟೆ ಚೀಲದಲ್ಲಿ ತಂದರು. "ಇದು ಹೋಯ್ತೇನಪ್ಪಾ? ಮಗ ಹೊಸದು ತರ್ತೀನಿ ಅಂತಾನೆ, ನಂಗೆ ಇದೇ ಬೇಕು" ಅಂದರು. ಪ್ಲೇಟು, ಸ್ವಿಚ್ಚು, ವೈರು ಎಲ್ಲ ಚೆನ್ನಾಗಿತ್ತು. ಪಾತ್ರೆ ಮಾತ್ರ ಪ್ಲೇಟಿನ ಮೇಲೆ ಕುಂಟುತ್ತಿತ್ತು. ಗ್ಯಾಸ್ ಮೇಲೆ ಇಟ್ಟಿದ್ರಾ ಅಂತ ಕೇಳಿದೆ. ಚಿತ್ರಾನ್ನಕ್ಕೆ ಅದರಲ್ಲೇ ಒಗ್ಗರಣೆ ಹಾಕುತ್ತಿದ್ದರಂತೆ, ತೊಳೆಯೋಕೆ ಒಂದು ಪಾತ್ರೆ ಕಡಿಮೆ ಆಗಲಿ ಅಂತ. ತೆಳು ಅಲ್ಯೂಮಿನಿಯಂ ಗ್ಯಾಸ್ ಉರಿಗೆ ಸೊಟ್ಟಗಾಗುತ್ತದೆ. ಅದೇ ಅಳತೆಯ ಹೊಸ ಪಾತ್ರೆ ತರಿಸಿಕೊಟ್ಟೆ. ಕುಕ್ಕರ್ ಈಗಲೂ ನಡೆಯುತ್ತಿದೆ.

ಇಡುವ ಮುಂಚೆ ಪಾತ್ರೆಯ ಹೊರತಳವನ್ನು ಒಣಬಟ್ಟೆಯಲ್ಲಿ ಒರೆಸಿ. ಪ್ಲಗ್ ತೆಗೆದು, ಪ್ಲೇಟು ಆರಿದ ಮೇಲೆ ಬಿಲ್ಲೆಯ ಸುತ್ತ ಒಮ್ಮೆ ಬೆರಳಾಡಿಸಿ. ಪಾತ್ರೆ ಇಟ್ಟು ಆಚೆ ಈಚೆ ಸ್ವಲ್ಪ ತಿರುಗಿಸಿದರೆ ಸರಿಯಾಗಿ ಕೂರುತ್ತದೆ. ಇಷ್ಟಾದರೂ ಬೇಗ ಆಫ್ ಆಗುತ್ತಿದ್ದರೆ ಸ್ಪ್ರಿಂಗೋ ಮ್ಯಾಗ್ನೆಟ್ಟೋ ಸೋತಿರಬಹುದು, ತೆರೆದು ನೋಡದೆ ಹೇಳಲಾಗದು. ಆಗ ಅಂಗಡಿಗೆ ತನ್ನಿ. ಪಾತ್ರೆಯನ್ನು ಮನೇಲಿ ಬಿಟ್ಟು ಬರಬೇಡಿ, ನಾನು ಅದನ್ನೂ ನೋಡಬೇಕು.