ನನ್ನ ಫೋಟೋ ಹೋಟೆಲಿನ ಹೋರ್ಡಿಂಗಿನಲ್ಲಿದೆ, ಪರಿಹಾರ ಎಷ್ಟು ಕೇಳಲಿ?

ಪ್ರಶ್ನೆ: ಮುಂಬೈಯ ಮಾಟುಂಗಾದಲ್ಲಿ ಯಕ್ಷಗಾನ ನಡೆದಾಗ ನಾನು ತೆಗೆದ ವೇಷದ ಫೋಟೋವನ್ನು ಡೊಂಬಿವಲಿಯ ಹೋಟೆಲಿನವರು ಕೇಳದೆಯೇ ಹೋರ್ಡಿಂಗಿಗೂ ಮೆನು ಕಾರ್ಡಿಗೂ ಹಾಕಿಕೊಂಡಿದ್ದಾರೆ. ಗೆಳೆಯರು 5 ಲಕ್ಷ ಕೇಳು ಅನ್ನುತ್ತಾರೆ. ಸಿಗುತ್ತದೆಯೇ?

ಉತ್ತರ: ಕೇಳಲು ಅಡ್ಡಿಯಿಲ್ಲ. ಆದರೆ ಆ 5 ಲಕ್ಷ ಎಲ್ಲಿಂದ ಬಂತು ಎಂದು ಕೋರ್ಟು ಕೇಳಿದಾಗ ತೋರಿಸಲು ಕಾಗದ ಬೇಕು. ಅಮೆರಿಕದ ಕಾನೂನಿನಲ್ಲಿ ಇಷ್ಟರಿಂದ ಇಷ್ಟು ಡಾಲರ್ ಎಂಬ ಮಿತಿಯೇ ಇದೆ. ನಮ್ಮ 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 55ನೇ ಸೆಕ್ಷನ್ನಿನಲ್ಲಿ ತಡೆಯಾಜ್ಞೆ, ನಷ್ಟಪರಿಹಾರ, ಲಾಭದ ಲೆಕ್ಕ ಇವೆ, ದರ ಮಾತ್ರ ಇಲ್ಲ.

ಹಾಗಾಗಿ ನಿಮ್ಮ ಹಳೆಯ ಬಿಲ್ಲುಗಳೇ ದೊಡ್ಡ ಸಾಕ್ಷಿ. ಹಿಂದೆ ಯಾರಿಗಾದರೂ ಕ್ಯಾಲೆಂಡರಿಗೆಂದು ಒಂದು ಫೋಟೋವನ್ನು, ಉದಾಹರಣೆಗೆ, 8,000 ರೂಪಾಯಿಗೆ ಕೊಟ್ಟಿದ್ದರೆ, ಹೋಟೆಲಿನವರು ಕೇಳಿ ಪಡೆದಿದ್ದರೆ ಎಷ್ಟು ಕೊಡಬೇಕಾಗಿತ್ತು ಎಂಬುದಕ್ಕೆ ಅದು ಅಳತೆ. ಹೋಟೆಲಿನ ಲಾಭದಲ್ಲಿ ಪಾಲು ಕೇಳುವುದು ಕಷ್ಟದ ದಾರಿ; ದೋಸೆ ಖರ್ಚಾದದ್ದು ಫೋಟೋದಿಂದ ಎಂದು ತೋರಿಸುವುದು ಹೇಗೆ? ಕ್ಯಾಮೆರಾದ ಮೂಲ ಫೈಲನ್ನು ಅಳಿಸಬೇಡಿ. ವಾಟ್ಸಾಪಿನಲ್ಲಿ ಕಳಿಸಿದ ಪ್ರತಿಯಲ್ಲಿ ತಾರೀಖಿನ ವಿವರ ಉಳಿಯದೆ ಹೋಗಬಹುದು. ಒಂದು ಮೆನು ಕಾರ್ಡನ್ನೂ ಎತ್ತಿಡಿ. ಫೈಲಿನ ಪ್ರತಿಯನ್ನು ಸಾಕ್ಷಿಯಾಗಿ ಒಪ್ಪಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕು.

ಇನ್ನು ಎದುರಿನವರ ವಾದ. ಫೋಟೋದ ಕೃತಿಸ್ವಾಮ್ಯಕ್ಕೆ ನೋಂದಣಿ ಇಲ್ಲ ಎಂಬ ಮಾತಿಗೆ ಹೆದರಬೇಡಿ. ಅದು ಕಡ್ಡಾಯವಲ್ಲವೆಂದು ಬಾಂಬೆ ಹೈಕೋರ್ಟು 2021ರಲ್ಲಿ ಹೇಳಿದೆ. ವಿಮರ್ಶೆಗೆ, ಸುದ್ದಿಗೆ 52ನೇ ಸೆಕ್ಷನ್ನಿನ ರಕ್ಷಣೆ ಇದೆ, ಹೋಟೆಲಿನ ಜಾಹೀರಾತಿಗೆ ಅದು ದಕ್ಕುವುದಿಲ್ಲ. ನಿಜವಾದ ಅಪಾಯ ಬೇರೆ ಎರಡು ಕಡೆ ಇದೆ. ಯಕ್ಷಗಾನ ಏರ್ಪಡಿಸಿದ ಸಂಘದವರು ದುಡ್ಡು ಕೊಟ್ಟು ಫೋಟೋ ತೆಗೆಸಿದ್ದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, 17ನೇ ಸೆಕ್ಷನ್ ಪ್ರಕಾರ ಅದರ ಮೊದಲ ಒಡೆಯರು ಸಂಘದವರೇ. ಆಗಲೂ ತೆಗೆದವರು ನೀವೆಂದು ಹೇಳಿಕೊಳ್ಳುವ ಹಕ್ಕನ್ನು 57ನೇ ಸೆಕ್ಷನ್ ಉಳಿಸುತ್ತದೆ. ಕಲಾವಿದರ ಪಾಲಿಗೆ ಅದು ಸಣ್ಣದಲ್ಲ.

ಎರಡನೆಯದು, 'ಹಕ್ಕು ಇದೆಯೆಂದು ಗೊತ್ತಿರಲಿಲ್ಲ' ಎಂಬ ವಾದ. ಗೊತ್ತಿರಲಿಲ್ಲ, ಹಾಗೆ ನಂಬಲು ಕಾರಣವೂ ಇರಲಿಲ್ಲ ಎಂದು ಅವರು ಸಾಬೀತು ಮಾಡಿದರೆ ನಷ್ಟಪರಿಹಾರ ಸಿಗದು. ತಡೆಯಾಜ್ಞೆ ಮತ್ತು ನಕಲು ಪ್ರತಿ ಮಾರಿ ಬಂದ ಲಾಭದಲ್ಲಿ ಕೋರ್ಟು ಸರಿಕಂಡಷ್ಟು ಮಾತ್ರ. ಇಂಟರ್‌ನೆಟ್ಟಿನಲ್ಲಿ ಸಿಕ್ಕಿತು ಎಂದಷ್ಟೇ ಹೇಳಿ ಪಾರಾಗುವುದು ಸುಲಭವಲ್ಲ ಎಂದು ನನ್ನ ಅಭಿಪ್ರಾಯ. ಆದರೂ ಈ ವಾರವೇ ವಕೀಲರಿಂದ ನೋಟಿಸು ಕೊಡಿಸಿ, ಅದರ ಜೊತೆ ಹಳೆಯ ಬಿಲ್ಲಿನ ಪ್ರತಿ ಇಡಿ. ನೋಟಿಸು ಮುಟ್ಟಿದ ಮೇಲೂ ಹೋರ್ಡಿಂಗ್ ಇಳಿಸದಿದ್ದರೆ, ಅಂದಿನಿಂದ ಮುಂದಕ್ಕೆ ಗೊತ್ತಿರಲಿಲ್ಲ ಎನ್ನಲಾಗದು. ದಾವೆಗೆ 3 ವರ್ಷದ ಗಡುವಿದೆ.